ತುಟಿ ದಾಟದ ಅಕ್ಷರ

ಸೋಮವಾರ ಬೆಳಿಗ್ಗೆ ಲತಾಮಣಿ ಒಗ್ಗರಣೆಗೆ ಸಾಸಿವೆ ಹಾಕಿ, ಮೊಬೈಲನ್ನು ಅವಲಕ್ಕಿ ಡಬ್ಬಿಗೆ ಒರಗಿಸಿ, 'ಹನಿ' ಗ್ರೂಪಿಗೆ ಬಂದಿದ್ದ ವಾಯ್ಸ್ ಮೆಸೇಜನ್ನು ಒತ್ತಿದಳು. ಹೊರಬಂದ ದನಿ ಅವಳದಾಗಿರಲಿಲ್ಲ.

"ನಮಸ್ಕಾರ. ಇದು ಹನಿ. ಇವತ್ತಿನ ಸಾಲುಗಳು ಭೀಮರಾಜ್ ಅವರದು. ಓದ್ತಾ ಇರೋದು, ಬೇಲೂರಿನಿಂದ ಮೇಘಶ್ರೀ."

ಯಾರಿವಳು ಮೇಘಶ್ರೀ?

ದನಿ ಚೆನ್ನಾಗಿತ್ತು. ತೊಂದರೆ ಇದ್ದದ್ದೇ ಅಲ್ಲಿ. ಕೆಟ್ಟದಾಗಿದ್ದರೆ ತಿಂಡಿ ತಿಂದು ಕೈ ತೊಳೆಯುವಷ್ಟರಲ್ಲಿ ಲತಾಮಣಿ ಅದನ್ನು ಮರೆತುಬಿಡುತ್ತಿದ್ದಳು. ಆದರೆ 'ಹನಿ' ಅನ್ನುವಾಗ ಆ ಹುಡುಗಿಯ 'ಹ' ಹುಣಸೆಹಣ್ಣು ಹಾಕಿ ತಿಕ್ಕಿದ ಹಿತ್ತಾಳೆ ಚೊಂಬಿನ ಹಾಗೆ ಥಳಥಳ ಹೊಳೆಯಿತು. ಆಮೇಲೆ ಅವಳು ನಿಧಾನವಾಗಿ, ಒಂದೊಂದು ಮಾತಿಗೂ ಮಣೆ ಹಾಕಿ ಕೂರಿಸುವಂತೆ ಓದಿದಳು:

"ಕಲ್ಲಿನ ನೆರಳಲ್ಲಿ ಅವಳ ಮನೆ.
ಬೆಳಗಿನ ಬಿಸಿಲೂ ಅಲ್ಲಿ ನಿಂತು
ಕೇಳಿಕೊಂಡೇ ಒಳಗೆ ಬರುತ್ತದೆ:
ಅವಳು ಎದ್ದಿದ್ದಾಳಾ?"

ಕಲ್ಲು! ಕಲ್ಲೆಂದರೆ ಇನ್ನೆಲ್ಲಿ, ಬೇಲೂರು ತಾನೇ? ಅಲ್ಲಿ ಕಲ್ಲು ಬಿಟ್ಟರೆ ಇನ್ನೇನಿದೆ!

"ಏನೇ ಅದು ಸೀಯ್ತಿರೋದು?" ಎಂದು ಅಮ್ಮ ಲಕ್ಕಮ್ಮ ನಡುಮನೆಯಿಂದ ಕೂಗಿದಳು.

ಕರಿಬೇವು ಕರಕಲಾಗಿತ್ತು. ಆದರೆ ನಿಜಕ್ಕೂ ಸೀಯುತ್ತಿದ್ದದ್ದು ಮಗಳ ಹೊಟ್ಟೆ. ಅದನ್ನು ಅಮ್ಮನಿಗೆ ಹೇಳುವುದು ಹೇಗೆ? ಲತಾಮಣಿ ಗ್ಯಾಸ್ ಆರಿಸಿ, ಬಾಣಲೆಯನ್ನು ಸಿಂಕಿನಲ್ಲಿ ದಡ್ಡೆಂದು ಇಟ್ಟಳು.

'ಹನಿ' ಶುರುವಾದದ್ದು ಅವಳ ಅಕ್ಕ ರಮಾಳ ಹೆರಿಗೆಯ ದಿನ. ರಕ್ತ ಬೇಕು, ಬೇಗ ಬೇಕು, ಆ ಗುಂಪಿನದು ಸಿಗುತ್ತಿಲ್ಲ ಎಂದು ಎಲ್ಲರೂ ಫೋನು ಹಿಡಿದು ಓಡಾಡುತ್ತಿದ್ದಾಗ, ಯಾರೋ ಯಾರಿಗೋ ಹೇಳಿ, ಗಂಡಸಿ ಎಂಬ ಊರಿನಿಂದ ಒಬ್ಬ ಬೈಕಿನಲ್ಲಿ ಬಂದಿಳಿದಿದ್ದ. ಪ್ಯಾಂಟಿನ ತುದಿಗೆ ಸಗಣಿ, ಅಂಗಿಯ ಮೇಲೆ ಹಸುವಿನ ಕೂದಲು. ಹೆಸರು ಭೀಮರಾಜ್, ಗಂಡಸಿಯ ಪಶು ಆಸ್ಪತ್ರೆಯಲ್ಲಿ ಜಾನುವಾರು ಅಧಿಕಾರಿ, ಸುತ್ತಲಿನ ಹಳ್ಳಿಗಳವರ ಬಾಯಲ್ಲಿ ದನದ ಡಾಕ್ಟ್ರು.

"ಮೊದ್ಲು ಕೈ ತೊಳ್ಕೊಳ್ರೀ!" ಎಂದು ಗದರಿದ್ದಳು ಲತಾಮಣಿ. ಅವರಿಬ್ಬರ ನಡುವಿನ ಮೊದಲ ಮಾತು ಅದು.

ರಕ್ತ ಕೊಟ್ಟು, ಬಿಸ್ಕತ್ತು ತಿಂದು, ಹುಟ್ಟಿದ ಮಗುವನ್ನು ಬಾಗಿಲಲ್ಲೇ ನಿಂತು ನೋಡಿ ಅವನು ನಾಲ್ಕು ಸಾಲು ಹೇಳಿದ. ಅದು ಕವನ ಎಂದು ಅವಳಿಗೆ ಗೊತ್ತಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅವನ್ನು ತನ್ನ ದನಿಯಲ್ಲಿ ರೆಕಾರ್ಡ್ ಮಾಡಿ ನೆಂಟರಿಗೆಲ್ಲ ಕಳಿಸಿದಳು. ಮಾರನೆಯ ದಿನ ಗೊತ್ತೇ ಇಲ್ಲದವರು ಫೋನು ಮಾಡಿ, "ನಾವೂ ರಕ್ತ ಕೊಡ್ಬೇಕು, ಎಲ್ಲಿಗೆ ಬರ್ಬೇಕು?" ಎಂದು ಕೇಳಿದರು. ಹಾಗೆ ಹುಟ್ಟಿತು ಹನಿ. ದಿನಾ ಬೆಳಿಗ್ಗೆ ಭೀಮರಾಜನದೊಂದು ಪುಟ್ಟ ಕವನ, ಅವನು ಹಿಂದಿನ ದಿನ ಕಂಡದ್ದರ ಬಗ್ಗೆ ಒಂದೆರಡು ಮಾತು, ಕೊನೆಯಲ್ಲಿ ಎಲ್ಲಿ ಯಾರಿಗೆ ರಕ್ತ ಬೇಕು ಎಂಬ ಕೋರಿಕೆ. ಬರೆಯುವುದು ಅವನು, ಓದುವುದು ಅವಳು. ಕೇಳುವವರು ಬಾಣಾವರ, ಕಣಕಟ್ಟೆ, ಬೇಲೂರು ಎಂದು ಬೆಳೆಯುತ್ತಾ ಹೋದರು.

ಲತಾಮಣಿಗೆ ರಕ್ತ ಕೊಡಲು ಆಗುತ್ತಿರಲಿಲ್ಲ. ಪ್ರತಿ ಶಿಬಿರದಲ್ಲೂ ಬೆರಳು ಚುಚ್ಚಿಸಿಕೊಳ್ಳುವಳು, ಹಿಮೋಗ್ಲೋಬಿನ್ ಕಡಿಮೆ ಎಂದು ಪ್ರತಿ ಸಲವೂ ವಾಪಸ್ ಕಳಿಸುವರು. ಅವಳು ಕೊಡಬಹುದಾಗಿದ್ದದ್ದು ದನಿಯೊಂದನ್ನೇ. ಇನ್ನೊಂದು ಗುಟ್ಟೂ ಇತ್ತು, ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಭೀಮರಾಜನ ಮಾತುಗಳು ದಿನಾ ತನ್ನ ಬಾಯಿಂದ ಹೊರಡುತ್ತವೆ ಎಂಬುದೇ ಅವಳ ಪಾಲಿಗೆ ಅವನ ಜೊತೆ ಮಾಡುವ ಸಂಸಾರವಾಗಿತ್ತು.

ಈಗ ಆ ಸಂಸಾರದೊಳಗೆ ಬೇಲೂರಿನವಳೊಬ್ಬಳು ಬಲಗಾಲಿಟ್ಟಿದ್ದಳು.

ಕಾರಣ ಏನೆಂದು ಲತಾಮಣಿಗೆ ಗೊತ್ತಿತ್ತು. ಆಡು.

ಲತಾಮಣಿಯ ಮನೆಯಲ್ಲಿ, ಕೇರಿಯಲ್ಲಿ, ಯಾರೂ 'ಹ'ಕಾರವನ್ನು ಅಷ್ಟಾಗಿ ಹಚ್ಚಿಕೊಂಡವರಲ್ಲ. ಹಾಸನ ಆಸನವಾಗುತ್ತಿತ್ತು, ಹಳೇಬೀಡು ಅಳೇಬೀಡಾಗುತ್ತಿತ್ತು, ಯಾರಿಗೂ ದಾರಿ ತಪ್ಪುತ್ತಿರಲಿಲ್ಲ. ಸ್ಕೂಲಿನಲ್ಲಿ ಬೆಂಚಿನ ಮೇಲೆ ನಿಲ್ಲಿಸಿ ಹೇಳಿಸಿದ ಮೇಲೆ ಅವಳು 'ಹ' ಕಲಿತಳು. ಅರಸೀಕೆರೆಯ ಅಂಚೆ ಕಚೇರಿಯ ಕೌಂಟರಿನಲ್ಲಿ ಕೂತು "ಹೆಸರು ಹೇಳಿ" ಅನ್ನುವಾಗ ಅದು ಅಚ್ಚುಕಟ್ಟಾಗಿ ಬರುತ್ತಿತ್ತು. ಖುಷಿಯಾದರೆ ಅಥವಾ ಕೋಪ ಬಂದರೆ ಮಾತ್ರ ಆ ಅಕ್ಷರ ಹೇಳದೆ ಕೇಳದೆ ಜಾಗ ಖಾಲಿ ಮಾಡುತ್ತಿತ್ತು.

ಹಿಂದಿನ ವಾರ ಭೀಮರಾಜ್ ಬರೆದಿದ್ದ: ನೀ ಬರುವ ದಾರಿಗೆ ಹಾಡು ಕಟ್ಟಿ ಕಾದೆ. ಓದುವಾಗ, ಅವನು ನಿಜಕ್ಕೂ ತನಗಾಗಿ ಎಲ್ಲೋ ನಿಂತು ಕಾಯುತ್ತಿರುವಂತೆ ಅನಿಸಿ ಅವಳ ಎದೆ ತುಂಬಿ ಬಂತು. 'ಹ' ಜಾರಿತು. "ನೀ ಬರುವ ದಾರಿಗೆ ಆಡು ಕಟ್ಟಿ ಕಾದೆ" ಎಂದು ಇಡೀ ತಾಲ್ಲೂಕಿಗೆ ಕೇಳಿಸಿತು.

ಬಾಣಾವರದ ರಿಟೈರ್ಡ್ ಮೇಷ್ಟ್ರು ಜಯದೇವಪ್ಪನವರು ಬರೆದರು: "ಮಗಳೇ, ಡಾಕ್ಟ್ರು ಕಟ್ಟಿದ್ದು ಹಾಡೋ, ಆಡೋ?" ಕಣಕಟ್ಟೆಯ ಮರಿಯಣ್ಣ, "ದನದ ಡಾಕ್ಟ್ರು ಕಣ್ರೀ, ಆಡೇ ಇರ್ಬೇಕು" ಎಂದ. ಮಧ್ಯಾಹ್ನದ ಹೊತ್ತಿಗೆ ಗ್ರೂಪಿನ ತುಂಬಾ ಆಡಿನ ಚಿತ್ರಗಳು. ಲತಾಮಣಿ ನಗುವ ಗೊಂಬೆಯೊಂದನ್ನು ಹಾಕಿ, ಬಾತ್‌ರೂಮಿಗೆ ಹೋಗಿ ಅತ್ತಳು. ಭೀಮರಾಜ್ ಮಾತ್ರ ಒಂದಕ್ಷರವನ್ನೂ ಬರೆಯಲಿಲ್ಲ. ಅದರ ಬೆನ್ನಲ್ಲೇ ಈ ಸೋಮವಾರ, ಈ ಹಿತ್ತಾಳೆ ಚೊಂಬು.

ಸೋಮವಾರಗಳಂದು ಅವನು ಲಸಿಕೆ ಒಯ್ಯಲು ಅರಸೀಕೆರೆಗೆ ಬರುತ್ತಿದ್ದ. ಬಂದವನು ಅಂಚೆ ಕಚೇರಿಗೆ ಬಾರದೆ ಹೋಗುತ್ತಿರಲಿಲ್ಲ. ಅವತ್ತೂ ಬಂದ. ಐಸ್ ಡಬ್ಬಿಯನ್ನು ಕಾಲ ಬಳಿ ಇಟ್ಟು, ಗಾಜಿನ ಕಿಂಡಿಗೆ ಬಗ್ಗಿ ನಕ್ಕ.

"ನಮಸ್ಕಾರ, ಲತಾ ಅವ್ರೇ."

"ನಮಸ್ಕಾರ. ಹೇಳಿ ಸರ್. ಏನಾಗಬೇಕಿತ್ತು?"

ಅವನು ಹಿಂದೆ ತಿರುಗಿ ನೋಡಿದ, ಸರ್ ಅನ್ನಿಸಿಕೊಳ್ಳುವವರು ಬೇರೆ ಯಾರಾದರೂ ನಿಂತಿದ್ದಾರೇನೋ ಎಂದು.

"ಯಾಕ್ರೀ, ನಾನೇನು ಮಾಡ್ದೆ?"

"ಸ್ಟ್ಯಾಂಪಾ? ಸ್ಪೀಡ್ ಪೋಸ್ಟಾ?"

"ಒಂದು... ಒಂದು ಕಾರ್ಡ್ ಕೊಡಿ."

"ಬೇಲೂರಿಗೆ ಬರೆಯೋಕಾ?"

"ಬೇಲೂರಲ್ಲಿ ನಂಗ್ಯಾರವ್ರೆ?"

"ಹೊಸ ದನಿ ಇದೆಯಲ್ಲ, ಹಿತವಾಗಿದೆ."

ಭೀಮರಾಜನ ಕಿವಿ ಕೆಂಪಾಯಿತು. ಕಪ್ಪು ಮೈಬಣ್ಣದ ಗಂಡಸಿನ ಕಿವಿ ಕೆಂಪಾಗುವುದು ಸುಲಭವಲ್ಲ, ಆದರೂ ಆಯಿತು. ಲತಾಮಣಿ ಅದನ್ನು ನೋಡಿದಳು, ತಪ್ಪು ಲೆಕ್ಕ ಹಾಕಿದಳು.

"ಅದು... ನಿಮಗೆ ಸ್ವಲ್ಪ ದಿವ್ಸ ರೆಸ್ಟ್ ಇರ್ಲಿ ಅಂತ," ಎಂದು ಅವನು ತೊದಲಿದ.

"ನಾನು ರೆಸ್ಟ್ ಕೇಳಿದ್ನಾ?"

ಅವನ ಹಿಂದೆ ಪೆನ್ಷನ್ನಿಗೆ ನಿಂತಿದ್ದ ಹುಚ್ಚಮ್ಮಜ್ಜಿ ಮೊಣಕೈಯಿಂದ ಅವನನ್ನು ಪಕ್ಕಕ್ಕೆ ತಳ್ಳಿದಳು. "ನಿಮ್ ನ್ಯಾಯ ಆಮೇಕೆ ಮಾಡ್ಕಳ್ರಪ್ಪ. ನಂಗೆ ಬಸ್ಸಿಗೆ ಒತ್ತಾಯ್ತದೆ."

ಹುಚ್ಚಮ್ಮಜ್ಜಿಯ ಆ 'ಒತ್ತು' ಕೇಳಿ ಭೀಮರಾಜನ ತುಟಿಯ ಮೇಲೆ ನಗು ಹಾದುಹೋಯಿತು. ಲತಾಮಣಿಯ ಎದೆಗೆ ಚುಚ್ಚಿದಂತಾಯಿತು. ಅವನು ಹೋದ ಮೇಲೆ ನೋಡಿದರೆ, ಕಾರ್ಡನ್ನು ಕೌಂಟರಿನ ಮೇಲೇ ಬಿಟ್ಟು ಹೋಗಿದ್ದ.

ಆಮೇಲಿನ ವಾರಗಳಲ್ಲಿ ಲತಾಮಣಿ ಒಂದು ವಿಷಯ ಗಮನಿಸಿದಳು. ಅವನು ಅವಳನ್ನು ಪೂರ್ತಿ ಬಿಟ್ಟಿರಲಿಲ್ಲ. ಕರು ಹಾಕಿದ ಎಮ್ಮೆಯ ಬಗ್ಗೆ ಬರೆದರೆ ಅವಳಿಗೆ ಕಳಿಸುತ್ತಿದ್ದ. ಕೆಚ್ಚಲು ಬಾವು ಬಂದ ಹಸುವನ್ನು ನೋಡಿ ಅತ್ತ ಯಜಮಾನನ ಬಗ್ಗೆ ಬರೆದರೆ ಅವಳಿಗೆ. ಬಸ್ಸಿನಲ್ಲಿ ಸೀಟು ಬಿಟ್ಟುಕೊಟ್ಟ ಹುಡುಗನೂ ಅವಳಿಗೇ. ಆದರೆ ಸಾಲಿನಲ್ಲಿ 'ಅವಳು' ಎಂದು ಬಂತೋ, ಅದು ನೇರ ಬೇಲೂರಿಗೆ. ಅವಳ ನಗೆ, ಅವಳ ಜಡೆ, ಅವಳು ತಲೆ ಎತ್ತದೆ ಬೈಯುವ ರೀತಿ, ಎಲ್ಲವನ್ನೂ ಮೇಘಶ್ರೀ ತನ್ನ ಥಳಥಳ ದನಿಯಲ್ಲಿ ಓದುತ್ತಿದ್ದಳು.

"ಎಮ್ಮೆ ನನಗಂತೆ, ಅವಳು ಅವಳಿಗಂತೆ," ಎಂದು ಲತಾಮಣಿ ಫೋನಿನಲ್ಲಿ ಅಕ್ಕನ ಮುಂದೆ ಅವಡುಗಚ್ಚಿದಳು.

ರಮಾ ನಕ್ಕಳು. "ಅಲ್ವೇ, ಕಲ್ಲು ಅಂದ್ರೆ ಬೇಲೂರೇ ಆಗ್ಬೇಕಾ? ನಮ್ಮನೆ ಹಿತ್ತಲಲ್ಲಿರೋ ಮಾಲೇಕಲ್ಲು ಬೆಟ್ಟ ಏನು, ಬೆಣ್ಣೆ ಮುದ್ದೆನಾ?"

"ಸುಮ್ನಿರೇ ಅಕ್ಕಾ. ಅವ್ರಿಗೆ ಅ ಸರಿಯಾಗಿ ಬರೋಳು ಬೇಕು."

"ಅ ಎಲ್ಲರಿಗೂ ಬರುತ್ತೆ ಕಣೇ. ನಿಂಗೆ ಬರ್ದೇ ಇರೋದು ಅರ್ಥ ಮಾಡ್ಕೊಳ್ಳೋದು."

"ನಗಬೇಡ!" ಎಂದು ಲತಾಮಣಿ ಫೋನಿಟ್ಟಳು. ಅಸೂಯೆ ಬಂದವರಿಗೆ ಸತ್ಯ ಕಿವಿಯ ಹತ್ತಿರ ಬಂದರೂ ಒಳಗೆ ಹೋಗುವುದಿಲ್ಲ.

ಹಳೇಬೀಡಿನಲ್ಲಿ ದೊಡ್ಡ ಶಿಬಿರವೆಂದು ತೀರ್ಮಾನವಾಯಿತು. ಅದರ ತಯಾರಿಗೆ ಒಂದು ಭಾನುವಾರ ಭೀಮರಾಜ್ ಮತ್ತು ಲತಾಮಣಿ ಬೇಲೂರಿಗೆ ಹೋದರು. ಮೇಘಶ್ರೀ ಅಲ್ಲಿನ ದೇವಸ್ಥಾನದಲ್ಲಿ ಗೈಡ್. ಕುರೂಪಿಯಾಗಿರಲಿ ದೇವರೇ ಎಂದು ಲತಾಮಣಿ ಬಸ್ಸಿನುದ್ದಕ್ಕೂ ಬೇಡಿಕೊಂಡಿದ್ದಳು. ದೇವರು ಆ ದಿನ ರಜೆಯಲ್ಲಿದ್ದ. ಹುಡುಗಿ ಎತ್ತರವಿದ್ದಳು, ತಿಳಿಹಸಿರು ಕಾಟನ್ ಸೀರೆ ಉಟ್ಟಿದ್ದಳು, ಪ್ರವಾಸಿಗಳ ಗುಂಪನ್ನು ಕುರಿಮಂದೆಯಂತೆ ಹಿಂದೆ ಹಾಕಿಕೊಂಡು ಬರುತ್ತಿದ್ದಳು. ಅವರಿಬ್ಬರನ್ನು ಕಂಡದ್ದೇ ಮಂದೆಯನ್ನು ಬಿಟ್ಟು ಓಡಿ ಬಂದಳು.

"ಸರ್! ನಿಮ್ಮ ಸಾಲುಗಳು ನನ್ನ ಬಾಯಲ್ಲಿ ಎಷ್ಟು ಚೆನ್ನಾಗಿ ಕೂರುತ್ತೆ ಗೊತ್ತಾ? ನಮ್ಮಮ್ಮ ದಿನಾ ಕೇಳ್ತಾರೆ, ಯಾರೇ ಆ 'ಅವಳು' ಅಂತ."

ಭೀಮರಾಜ್ ಕೆಮ್ಮಿದ. ಲತಾಮಣಿ ದೇವಸ್ಥಾನದ ಗೋಪುರವನ್ನು ಮೊದಲ ಸಲ ನೋಡುವವಳಂತೆ ನೋಡಿದಳು.

"ಅಯ್ಯೋ ಸರ್, ಏನಿದು?" ಎಂದು ಮೇಘಶ್ರೀ ಅವನ ಹೆಗಲಿಗೆ ಅಂಟಿದ್ದ ಹಸುವಿನ ಕೂದಲನ್ನು ಎರಡು ಬೆರಳಿನಲ್ಲಿ ತೆಗೆದು ಊದಿದಳು.

ಅವಳು ಊದಿದ್ದು ಒಂದೇ ಒಂದು ಕೂದಲನ್ನು. ಆದರೆ ಅವನ ಅಂಗಿಯ ಮೇಲಿನ ಹಸುವಿನ ಕೂದಲನ್ನು ಇಷ್ಟು ದಿನ ಆಡಿಕೊಂಡು ನಕ್ಕವಳು ಲತಾಮಣಿ. ಮುಟ್ಟಿರಲಿಲ್ಲ. ಎಷ್ಟೋ ಸಲ ಕೈ ಗಾಜಿನ ಕಿಂಡಿಯವರೆಗೆ ಹೋಗಿ ವಾಪಸ್ ಬಂದಿತ್ತು. ಇವಳು ಬಂದಳು, ತೆಗೆದಳು, ಊದಿದಳು. ಮುಗಿಯಿತು!

"ಅಕ್ಕಾ, ನೀವು ಯಾಕೆ ಸುಮ್ಮನಿದೀರಾ?"

"ಬಿಸಿಲು ಹೆಚ್ಚಾಗಿದೆ," ಎಂದಳು ಲತಾಮಣಿ. 'ಹೆಚ್ಚಾಗಿದೆ' ಎಂಬಲ್ಲಿನ 'ಹ' ಕೌಂಟರಿನಲ್ಲಿದ್ದಷ್ಟೇ ಅಚ್ಚುಕಟ್ಟಾಗಿತ್ತು. ಭೀಮರಾಜ್ ಅವಳ ಮುಖವನ್ನೇ ನೋಡಿದ.

ಶಿಬಿರದ ದಿನ ಅರಸೀಕೆರೆಯಿಂದ ಬೆಳಗಿನ ಬಸ್ಸು ಹಿಡಿದರು. ಅವನು ಕಿಟಕಿಯ ಸೀಟನ್ನು ಅವಳಿಗೆ ಬಿಟ್ಟುಕೊಟ್ಟ. ಹೊಲಗಳಲ್ಲಿ ರಾಗಿ ತೆನೆ ಬಾಗಿತ್ತು. ತೆಂಗಿನ ತೋಟಗಳು ಬಂದು ಹೋಗುತ್ತಿದ್ದವು. ಅವಳು ಅವನ್ನೆಲ್ಲ ನೋಡಿದಳು, ಅವನನ್ನು ಬಿಟ್ಟು. ಜಾವಗಲ್ಲಿನಲ್ಲಿ ಬಸ್ಸು ನಿಂತಾಗ ಭೀಮರಾಜ್ ಇಳಿದು ಹೋಗಿ ಎರಡು ಲೋಟ ಟೀ ತಂದ.

"ಇವತ್ತಿನ ಕವನ ಯಾರು ಓದೋದು?" ಗೊತ್ತಿದ್ದರೂ ಕೇಳಿದಳು.

"ಮೇಘಶ್ರೀ ಅವ್ರು," ಎಂದ. ಟೀ ಲೋಟದೊಳಗೆ ನೋಡುತ್ತಾ ಹೇಳಿದ.

"ಸರಿ. ಇವತ್ತೇ ಕೊನೆ, ಡಾಕ್ಟ್ರೇ. ನಾಳೆಯಿಂದ ನಾನು ಹನಿಯಲ್ಲಿ ಇರೋದಿಲ್ಲ."

ಟೀ ಅವನ ಬೆರಳ ಮೇಲೆ ಚೆಲ್ಲಿತು. "ಯಾಕ್ರೀ?"

"ನನಗೆ ಹೊತ್ತು ಸಾಲೋದಿಲ್ಲ."

"ಸುಳ್ಳು."

"ಹೌದು, ಸುಳ್ಳು. ಏನೀಗ?"

"ಲತಾ ಅವ್ರೇ, ಇನ್ನೊಂದ್ ವಾರ ತಡೀರಿ. ಆಮೇಲೆ ನಾನೇ..." ಎಂದು ಅವನು ನಿಲ್ಲಿಸಿದ. ಕಂಡಕ್ಟರ್ ಸೀಟಿ ಊದಿದ, ಜನ ಹತ್ತಿದರು, ಅವರಿಬ್ಬರ ನಡುವೆ ತರಕಾರಿ ಚೀಲವೊಂದು ಬಂದು ಕೂತಿತು. ಹಳೇಬೀಡು ಬರುವವರೆಗೂ ಲತಾಮಣಿ ಆ ಚೀಲದೊಳಗಿನ ಬದನೆಕಾಯಿಗಳನ್ನು ನೋಡುತ್ತಾ ಕಣ್ಣೀರು ತಡೆದುಕೊಂಡಳು. ಇನ್ನೊಂದು ವಾರ ಯಾಕೆ? ಮದುವೆ ಪತ್ರಿಕೆ ಹಂಚುವುದಕ್ಕಾ?

ಕೆರೆಯ ಎದುರಿನ ಸಮುದಾಯ ಭವನದಲ್ಲಿ ಜನ ತುಂಬಿದ್ದರು. ಸಾಲಾಗಿ ಮಂಚಗಳು, ಬಿಳಿ ಕೋಟಿನವರ ಓಡಾಟ. ದೇವಸ್ಥಾನ ನೋಡಲು ಬಂದಿದ್ದ ಒಂದಿಷ್ಟು ಪ್ರವಾಸಿಗಳೂ ರಕ್ತ ಕೊಡಲು ಅಂಗಿತೋಳು ಮಡಚಿಕೊಂಡು ನಿಂತಿದ್ದರು. ಲತಾಮಣಿ ಹೆಸರು ಬರೆದುಕೊಳ್ಳುವ ಟೇಬಲ್ಲಿಗೆ ಕೂತಳು. ಅಭ್ಯಾಸಬಲದಿಂದ ಬೆರಳು ಚುಚ್ಚಿಸಿಕೊಂಡಳು, ಅವತ್ತೂ ಬೇಡವೆಂದರು. ಭೀಮರಾಜ್ ವೇದಿಕೆಗೆ ಹತ್ತಿರದ ಮಂಚದಲ್ಲಿ ಮಲಗಿ, ಕೈಯಲ್ಲಿ ಕೆಂಪು ಚೆಂಡು ಹಿಚುಕುತ್ತಿದ್ದ. ಸೂಜಿ ಚುಚ್ಚಿ ಆಗಿತ್ತು, ಅಲ್ಲಾಡುವಂತಿರಲಿಲ್ಲ.

ಮೇಘಶ್ರೀ ಮೈಕಿನ ಮುಂದೆ ನಿಂತು, ಮೊಬೈಲನ್ನು ಎತ್ತಿ ಹಿಡಿದು ಶುರು ಮಾಡಿದಳು.

"ಅವಳು ಹೂವು ಅಂದರೆ
ಹೂವಿಗೇ ತನ್ನ ಹೆಸರು ಮರೆತುಹೋಗುತ್ತದೆ..."

"ಅಲ್ಲ!" ಎಂದು ಮಂಚದಿಂದ ಕೂಗು ಬಂತು. "ಮೇಡಂ, ಅಲ್ಲ! ಅಲ್ಲಿ ಹ ಇಲ್ಲ!"

ಮೇಘಶ್ರೀ ಬೆಚ್ಚಿದಳು. "ಎಲ್ಲಿ ಸರ್?"

"ಹೂವಲ್ಲಿ!"

ಭವನ ಗೊಳ್ಳೆಂದಿತು. ಮೇಘಶ್ರೀಯೂ ನಕ್ಕಳು. "ಸರ್, ಹೂವಲ್ಲಿ ಹ ಇಲ್ದೆ ಇನ್ನೆಲ್ಲಿರುತ್ತೆ? ನೀವು 'ಊವು' ಅಂತ ಟೈಪ್ ಮಾಡಿದ್ರಿ. ಅವಸರದಲ್ಲಿ ತಪ್ಪಾಗಿದೆ ಅಂತ ಓದೋವಾಗ ನಾನೇ ತಿದ್ಕೊಂಡೆ. ಹಾಲು ಕೂಡ ಆಲು ಆಗಿತ್ತು. ಅದನ್ನೂ ತಿದ್ದೇ ಓದೋಳಿದ್ದೆ."

"ತಿದ್ದಿ ಅಂತ ಯಾರ್ ಅಂದಿದ್ದು ನಿಮಗೆ? ಬೇಕು ಅಂತಾನೇ ಹಂಗೆ ಬರ್ದೀನಿ!"

"ಸಾರ್, ಕೂಗಬೇಡಿ. ಮಲಗಿ," ಎಂದು ಸಿಸ್ಟರ್ ಅವನ ಎದೆಯ ಮೇಲೆ ಕೈಯಿಟ್ಟು ಒತ್ತಿದಳು.

"ಊವು ಅಂತ ಯಾರು ಹೇಳ್ತಾರೆ ಸರ್?" ಎಂದು ಮೇಘಶ್ರೀ ಕೇಳಿದಳು. ಕೇಳಿದ್ದು ಮೈಕಿನಲ್ಲಿ.

ಅವನು ಮಲಗಿದ್ದಲ್ಲೇ ತಲೆ ಹೊರಳಿಸಿ ಟೇಬಲ್ಲಿನ ಕಡೆ ನೋಡಿದ. ಅವನು ನೋಡಿದ ಕಡೆಗೆ ಸಿಸ್ಟರ್ ನೋಡಿದಳು, ಮೇಘಶ್ರೀ ನೋಡಿದಳು, ಪ್ರವಾಸಿಗಳೂ ನೋಡಿದರು. ಲತಾಮಣಿಯ ಕೈಯಲ್ಲಿ ಪೆನ್ನು ಹಾಗೇ ನಿಂತಿತು.

ಅವಳಿಗೆ ಮೊದಲು ಹೊಳೆದದ್ದು ಪ್ರೀತಿ ಎಂದುಕೊಂಡಿರಾ? ಇಲ್ಲ. ಗ್ರೂಪಿನ ತುಂಬಾ ಮೇಯ್ದ ಆಡುಗಳೆಲ್ಲ ಒಟ್ಟಿಗೆ ಅವಳ ಕಣ್ಣ ಮುಂದೆ ಬಂದು ನಿಂತವು. ಕುರ್ಚಿ ಹಿಂದಕ್ಕೆ ಬಿತ್ತು. ಮುಖ ಕೆಂಪಾಗಿ ಅವಳು ಎದ್ದಳು.

"ಇಷ್ಟು ಜನದ ಮುಂದೆ ನನ್ನ ಆಡ್ಕೊಳ್ತಿದೀರಾ? ಇದಕ್ಕಾ ನನ್ನ ಕರ್ಕೊಂಡು ಬಂದಿದ್ದು? ನಂಗೆ ಅ ಬರಲ್ಲ, ಔದು, ಬರಲ್ಲ! ಅದಕ್ಕೆ ಒಂದು ಪದ್ಯ ಬೇರೆ ಬರೀಬೇಕಿತ್ತಾ?"

"ಲತಾ, ಅಂಗಲ್ಲ..." ಎಂದು ಭೀಮರಾಜ್ ಮೇಲೇಳಹೋದ. ಸಿಸ್ಟರ್ ಮತ್ತೆ ಒತ್ತಿದಳು.

ಮೇಘಶ್ರೀ ದಡ್ಡಿಯಲ್ಲ. ದಿನಕ್ಕೆ ನೂರು ಮುಖ ಓದುವ ಕೆಲಸ ಅವಳದು. ವೇದಿಕೆ ಇಳಿದು ಬಂದು, ಒಂದು ಕೈಯಲ್ಲಿ ಮೈಕನ್ನೂ ಇನ್ನೊಂದರಲ್ಲಿ ಮೊಬೈಲನ್ನೂ ಲತಾಮಣಿಯ ಮುಂದೆ ಹಿಡಿದಳು.

"ಅಕ್ಕಾ, ಇದನ್ನ ನಾನು ಹಾಳು ಮಾಡ್ಬಿಟ್ಟೆ. ನನ್ನ ಬಾಯಿಗೆ ಇದು ಬರೋದಿಲ್ಲ. ಅವರು ಬರೆದ ಹಾಗೇ ನೀವು ಓದಿ. ಕೊನೇ ಸಾಲಿನ ತನಕ ಓದಿ, ಆಮೇಲೆ ಬೇಕಾದ್ರೆ ಬೈಯಿರಿ."

ಬಿಸಾಡಿ ಹೋಗಬೇಕು ಎಂದೇ ಲತಾಮಣಿ ಕೈ ಚಾಚಿದ್ದು. ಆದರೆ ಅವನ ಸಾಲುಗಳು ಕಣ್ಣಿಗೆ ಬಿದ್ದರೆ ಅವಳ ಬಾಯಿ ಕೇಳಬೇಕಲ್ಲ. ಅದು ಓದತೊಡಗಿತು.

"ಅವಳು ಊವು ಅಂದರೆ
ಹೂವಿಗೇ ತನ್ನ ಹೆಸರು ಮರೆತುಹೋಗುತ್ತದೆ.
ಅವಳು ಆಲು ಅಂದರೆ
ಉಕ್ಕುವ ಹಾಲು ಒಂದು ಗಳಿಗೆ ನಿಂತು ಕೇಳುತ್ತದೆ.
ಅವಳು ಅಸಿವು ಅಂದರೆ
ಹಸಿವಿಗೂ ನಗೆ ಬರುತ್ತದೆ.
ಒಂದು ಅಕ್ಷರ ಅವಳ ತುಟಿ ದಾಟುವುದಿಲ್ಲ,
ಅಲ್ಲೇ ಉಳಿದುಬಿಟ್ಟಿದೆ.
ನನಗೂ..."

ಅವಳು ನಿಂತಳು. ಹೊರಗೆ ಕೆರೆಯ ಮೇಲಿಂದ ಬಂದ ಗಾಳಿಗೆ ಬ್ಯಾನರ್ ಪಟಪಟ ಹೊಡೆದುಕೊಳ್ಳುತ್ತಿತ್ತು. ಕೊನೆಯ ಸಾಲನ್ನು ಅವಳು ಮೈಕು ಕೆಳಗಿಳಿಸಿ, ತನಗೆ ಮಾತ್ರ ಕೇಳುವಷ್ಟು ಮೆಲ್ಲಗೆ ಓದಿಕೊಂಡಳು.

"ನನಗೂ ಅಲ್ಲೇ ಉ‌ಳಿಯುವಾಸೆ."

ಎಷ್ಟೋ ವಾರಗಳಿಂದ ಹೊಟ್ಟೆಯಲ್ಲಿ ಉರಿಯುತ್ತಿದ್ದ ಬೆಂಕಿ ಹಾಗೇ ಮೇಲೇರಿ ಕೆನ್ನೆಗೆ ಬಂತು. ಆ ಜಡೆ ತನ್ನದು. ತಲೆ ಎತ್ತದೆ ಬೈಯುವವಳು ತಾನು. ಅಕ್ಕ ಬೆಣ್ಣೆ ಮುದ್ದೆಯಾ ಎಂದು ಕೇಳಿದ್ದು ಈಗ ಕಿವಿಯೊಳಗೆ ಹೋಯಿತು. ಇಷ್ಟು ದಿನ ತನ್ನ ಮೇಲೆಯೇ ತಾನು ಹೊಟ್ಟೆಕಿಚ್ಚು ಪಟ್ಟುಕೊಂಡಿದ್ದಳು!

ಅವಳು ನೇರ ಅವನ ಮಂಚದ ಬಳಿ ಹೋಗಿ ನಿಂತಳು. ಸೂಜಿ ತೆಗೆದು ಹತ್ತಿ ಒತ್ತಿದ್ದರು. ಮಲಗಿದ್ದವನು ಅಪರಾಧಿಯಂತೆ ಮೇಲೆ ನೋಡಿದ.

"ಏಳಿ," ಎಂದಳು ಲತಾಮಣಿ.

ಭೀಮರಾಜ್ ತಟಕ್ಕನೆ ಎದ್ದು ಕೂತ. ತಲೆ ಸುತ್ತಿ ಪಕ್ಕಕ್ಕೆ ವಾಲಿದ. ಸಿಸ್ಟರ್ ಓಡಿ ಬಂದಳು. "ಏನ್ ಸಾರ್ ನೀವು? ಈಗ ತಾನೇ ರಕ್ತ ಕೊಟ್ಟಿದೀರಾ, ಎದ್ದೇಳು ಅಂತ ಯಾರು ಅಂದ್ರು?"

"ಇವ್ರೇ ಅಂದ್ರಲ್ಲ, ಏಳಿ ಅಂತ!"

"ಎದ್ದೇಳಿ ಅಂದ್ನಾ ನಾನು? ಬಾಯಿಬಿಟ್ಟು ಏಳಿ ಅಂದೆ! ಮನಸ್ಸಲ್ಲಿರೋದು ಏಳಿ ಅಂದೆ!"

ಭವನದಲ್ಲಿ ನಗೆ ಎದ್ದಿತು, ಆದರೆ ಅದು ಆಡುಗಳ ನಗೆಯಾಗಿರಲಿಲ್ಲ. ಭೀಮರಾಜನೂ ನಕ್ಕ, ನಗುತ್ತಲೇ ಅವಳ ಕೈ ಹಿಡಿದು ಸಾವರಿಸಿಕೊಂಡ. ಆಮೇಲೆ ಬಿಡಲಿಲ್ಲ.

"ನಿಮ್ಮ ಬಗ್ಗೆ ಬರ್ದಿದ್ದನ್ನ ನಿಮ್ಮ ಕೈಗೇ ಕೊಟ್ಟು ಓದಿ ಅನ್ನೋದು ಹೆಂಗ್ರೀ? ನಂಗೆ ನಾಚ್ಕೆ ಆಗಲ್ವಾ? ಅದಕ್ಕೆ ಇವ್ರಿಗೆ ಕಳಿಸ್ದೆ."

"ಅವತ್ತು ಎಲ್ಲರೂ ಆಡ್ಕೊಂಡಾಗ ಯಾಕೆ ಸುಮ್ನಿದ್ರಿ?"

ಅವನ ನಗು ಹೋಯಿತು. "ನಾನು ಅದನ್ನ ಎಷ್ಟು ಸಲ ಕೇಳಿದೀನಿ ಗೊತ್ತಾ? ನೀವು ಕೌಂಟರಲ್ಲಿ ಹೇಳಿ ಸರ್ ಅಂತೀರಲ್ಲ, ಅದು ಊರಿಗೆಲ್ಲ ಸಿಗೋ ಮಾತು. ಖುಷಿಯಾದಾಗ ಬರೋದು ನಂಗೆ ಮಾತ್ರ ಸಿಗುತ್ತೆ ಅಂದ್ಕೊಂಡಿದ್ದೆ. ಅವತ್ತು ಅದು ಎಲ್ಲರಿಗೂ ಕೇಳಿಸ್ಬಿಡ್ತು. ನಂಗೆ ಹೊಟ್ಟೆ ಉರೀತು. ಅದನ್ನ ಗ್ರೂಪಲ್ಲಿ ಏನಂತ ಬರೀಲಿ?"

ಲತಾಮಣಿ ಅವನನ್ನೇ ನೋಡಿದಳು. ಅವನಿಗೂ ಹೊಟ್ಟೆ ಉರಿದಿತ್ತು! ಇಷ್ಟು ದಿನಗಳಲ್ಲಿ ಅವಳು ಕೇಳಿದ ಅತಿ ಸಿಹಿಯಾದ ಮಾತು ಅದು. ಅವಳು ಬಾಗಿ, ಅವನ ಕಾಲರಿನ ಮೇಲಿದ್ದ ಹಸುವಿನ ಕೂದಲನ್ನು ತೆಗೆದಳು. ಊದಲಿಲ್ಲ, ಮುಷ್ಟಿಯೊಳಗೆ ಇಟ್ಟುಕೊಂಡಳು.

"ಇನ್ಮೇಲೆ 'ಅವಳು' ಅಂತ ಬಂದ್ರೆ ನಂಗೇ ಕಳಿಸ್ಬೇಕು. ಎಮ್ಮೆ ಬೇಕಾದ್ರೆ ಬೇಲೂರಿಗೆ ಕಳಿಸಿ."

"ಅಕ್ಕಾ!" ಎಂದಳು ಮೇಘಶ್ರೀ ಹಿಂದಿನಿಂದ.

"ಒಂದು ವಾರ ತಡೀರಿ ಅಂದಿದ್ನಲ್ಲ," ಎಂದ ಭೀಮರಾಜ್. ಅವನ ದನಿ ಒಣಗಿತ್ತು. "ಮುಂದಿನ ಭಾನುವಾರ ನಮ್ಮಪ್ಪನ್ನ ಕರ್ಕೊಂಡು ನಿಮ್ಮನೆಗೆ ಬರೋಣ ಅಂತಿದ್ದೆ. ಅದಕ್ಕೂ ಮೊದ್ಲು ನಿಮ್ಮನ್ನೇ ಕೇಳ್ಬಿಡ್ತೀನಿ. ಮದುವೆ ಆಗ್ತೀರಾ ನನ್ನ?"

ಲತಾಮಣಿಯ ಕಣ್ಣು ತುಂಬಿತು. ಸ್ಕೂಲಿನ ಬೆಂಚಿನ ಮೇಲೆ ನಿಂತು ಕಲಿತದ್ದೆಲ್ಲ ಆ ಗಳಿಗೆಯಲ್ಲಿ ಎಲ್ಲೋ ಹೋಯಿತು.

"ಊಂ," ಎಂದಳು.

ಸಿಸ್ಟರ್ ಬಿಪಿ ಪಟ್ಟಿಯನ್ನು ಕೈಯಲ್ಲಿ ಹಿಡಿದು ಇಬ್ಬರ ನಡುವೆ ಕತ್ತು ಚಾಚಿದಳು. "ಏನಮ್ಮಾ ಅದು? ಹೂಂ ಅಂದ್ರಾ, ಊಹೂಂ ಅಂದ್ರಾ? ಸರಿಯಾಗಿ ಹೇಳಿ, ಇಲ್ಲಿ ಸಾರ್‌ಗೆ ಎದೆ ಹೊಡ್ಕೊಳ್ತಿದೆ."

ಲತಾಮಣಿ ಅವಳ ಕಡೆ ತಿರುಗಲೂ ಇಲ್ಲ.

"ಅವ್ರಿಗೆ ಗೊತ್ತಾಗೈತೆ ಬಿಡಿ, ಸಿಸ್ಟರ್."